ಮೂರು ವಿಷಯದ ಬಿಎ ಇಟ್ಟುಕೊಂಡು ಹೊರದೇಶದಲ್ಲಿ ಸಮಾಜಶಾಸ್ತ್ರ ಎಂಎ: ತಿಳಿದವರು ಹೇಳಿ

ಮದ್ದೂರಿನಿಂದ ಕೇಳಿದ್ದು:
ತಂಗಿ ಮಂಡ್ಯದಲ್ಲಿ ಬಿಎ ಮುಗಿಸಿದ್ದಾಳೆ. ಇತಿಹಾಸ, ಅರ್ಥಶಾಸ್ತ್ರ, ಸಮಾಜಶಾಸ್ತ್ರ, 64 ಪರ್ಸೆಂಟ್. ಜರ್ಮನಿಯಲ್ಲಿ ಫೀಸೇ ಇಲ್ಲ ಅಂತಾರೆ, ಇಂಗ್ಲೆಂಡಿನಲ್ಲಾದರೆ ಒಂದೇ ವರ್ಷಕ್ಕೆ ಎಂಎ ಮುಗಿಯುತ್ತೆ ಅಂತಾರೆ. ಎರಡೆಕರೆ ಗದ್ದೆ ಇದೆ, ಅದರ ಮೇಲೆ ಸಾಲ ತೆಗೆಯೋಣ ಅಂತಿದ್ದೀವಿ. ಎಲ್ಲಿಂದ ಶುರು ಮಾಡಬೇಕು?

ಸರಸ್ವತಿಪುರಂ:
ದುಡ್ಡಿನ ಮಾತು ಆಮೇಲೆ. ಮೊದಲು ಮಾರ್ಕ್ಸ್ ಕಾರ್ಡುಗಳನ್ನು ಹರಡಿಕೊಂಡು ಸಮಾಜಶಾಸ್ತ್ರದ ಪೇಪರ್ ಎಷ್ಟಿವೆ ಅಂತ ಎಣಿಸಿ. ನಮ್ಮ ಕಡೆ ಬಿಎ ಜರ್ಮನಿಯಲ್ಲಿ ಮುಗ್ಗರಿಸೋದು ಇಲ್ಲೇ. ಅಲ್ಲಿನ ಬ್ಯಾಚುಲರ್ ಪದವಿ ಅಂದರೆ ಕನಿಷ್ಠ 180 ಇಸಿಟಿಎಸ್ (ಓದಿನ ಪ್ರಮಾಣ ಅಳೆಯುವ ಯುರೋಪಿನ ಲೆಕ್ಕ) ಕ್ರೆಡಿಟ್. ಅದರಲ್ಲಿ ಸಮಾಜಶಾಸ್ತ್ರದ್ದು ಇಷ್ಟು, ಸಂಶೋಧನಾ ವಿಧಾನ ಮತ್ತು ಸಂಖ್ಯಾಶಾಸ್ತ್ರದ್ದು ಇಷ್ಟು ಇರಲೇಬೇಕು ಅಂತ ಎಷ್ಟೋ ಎಂಎ ಕೋರ್ಸುಗಳು ಕೇಳುತ್ತವೆ. ಮೂರು ವಿಷಯ, ಅದರ ಮೇಲೆ ಕನ್ನಡ, ಇಂಗ್ಲಿಷ್, ಪರಿಸರ, ಸಂವಿಧಾನ ಅಂತ ಎಲ್ಲಕ್ಕೂ ಹಂಚಿದ ಮೇಲೆ ಒಂದು ವಿಷಯದ ಪಾಲಿಗೆ ಮೂರರಲ್ಲೊಂದು ಭಾಗವೂ ಉಳಿಯಲ್ಲ. ಮಾರ್ಕ್ಸ್ ಚೆನ್ನಾಗಿದ್ದೂ ಅರ್ಜಿ ವಾಪಸ್ ಬರೋದು ಇದಕ್ಕೇ.

ಹಾಗಾಗಿ ಬರೀ ಸಮಾಜಶಾಸ್ತ್ರ ಕೇಳುವ ಕೋರ್ಸ್ ಬಿಟ್ಟು, 'ಸಮಾಜವಿಜ್ಞಾನಗಳಲ್ಲಿ ಒಟ್ಟು ಇಷ್ಟು ಕ್ರೆಡಿಟ್' ಅಂತ ಕೇಳುವ ಕೋರ್ಸ್ ಹುಡುಕಿ. ಅಲ್ಲಿ ಅರ್ಥಶಾಸ್ತ್ರವೂ ಲೆಕ್ಕಕ್ಕೆ ಬರುತ್ತೆ. ಇತಿಹಾಸ ಬರಬಹುದು, ಬರದೆಯೂ ಇರಬಹುದು. ಮಾನವಿಕ ವಿಷಯ ಅಂತ ಪಕ್ಕಕ್ಕಿಡುವವರಿದ್ದಾರೆ.

ಮೈಸೂರು ವಿವಿಯದಾಗಲಿ ಮಂಡ್ಯ ವಿವಿಯದಾಗಲಿ, ಪರೀಕ್ಷಾ ವಿಭಾಗದಿಂದ ಎಲ್ಲ ಸೆಮಿಸ್ಟರಿನ ಅಂಕಗಳ ಅಧಿಕೃತ ಪಟ್ಟಿ, ಅಂದರೆ ಟ್ರಾನ್ಸ್‌ಕ್ರಿಪ್ಟ್ ತೆಗೆಸುವಾಗಲೇ ತಂಗಿ ಓದಿದ ವರ್ಷದ ಸಿಲಬಸ್ ಪ್ರತಿಗೂ ಸಹಿ, ಮುದ್ರೆ ಹಾಕಿಸಿಕೊಳ್ಳಿ. ಈಗಿನ ಸಿಲಬಸ್ ಕೊಟ್ಟರೆ ಪೇಪರ್ ಹೆಸರು ತಾಳೆಯಾಗಲ್ಲ. ಸಂಶೋಧನಾ ವಿಧಾನದ ಪೇಪರ್‌ನಲ್ಲಿ ಸರಾಸರಿ, ಮಧ್ಯಾಂಕ, ಪ್ರಶ್ನಾವಳಿ, ಮಾದರಿ ಆಯ್ಕೆ ಅಂತ ಯೂನಿಟ್ ಇದ್ದರೆ ಆ ಪುಟವೇ ನಿಮ್ಮ ಸಾಕ್ಷಿ.

ಮಂಡ್ಯ, ಸುಭಾಷ್ ನಗರ:
64 ಅಂದರೆ ಜರ್ಮನಿಯಲ್ಲಿ ಎಷ್ಟಾಗುತ್ತೆ, ಲೆಕ್ಕ ಹಾಕಿ ನೋಡಿ. ಗರಿಷ್ಠದಿಂದ ನಿಮ್ಮ ಅಂಕ ಕಳೆಯಿರಿ, ಗರಿಷ್ಠದಿಂದ ಪಾಸಿನ ಅಂಕ ಕಳೆದು ಬಂದದ್ದರಿಂದ ಅದನ್ನು ಭಾಗಿಸಿ, 3ರಿಂದ ಗುಣಿಸಿ, 1 ಸೇರಿಸಿ. ಪಾಸು 40 ಆದರೆ 36ನ್ನು 60ರಿಂದ ಭಾಗಿಸಿ 0.6, ಮೂರರಷ್ಟು 1.8, ಒಂದು ಸೇರಿದರೆ 2.8. ಅಲ್ಲಿ 1 ಅತ್ಯುತ್ತಮ, 4 ಬರೀ ಪಾಸು. ಬಹಳ ಕೋರ್ಸುಗಳ ಗೆರೆ 2.5, ಅದಕ್ಕೆ 70 ಪರ್ಸೆಂಟ್ ಬೇಕಿತ್ತು. ಪಾಸು 35 ಅಂತ ಟ್ರಾನ್ಸ್‌ಕ್ರಿಪ್ಟ್‌ನಲ್ಲಿದ್ದರೆ ಅದೇ 64ಕ್ಕೆ 2.66. ಆ ಒಂದು ಸಾಲು ಸರಿಯಾಗಿ ಬಂದಿದೆಯಾ ನೋಡಿಕೊಳ್ಳಿ.

ಫೀಸಿಲ್ಲ ಅನ್ನೋದು ಸರ್ಕಾರಿ ವಿವಿಗಳ ಮಟ್ಟಿಗೆ ಬಹುಪಾಲು ನಿಜ. ಆದರೆ ಹೈಡಲ್‌ಬರ್ಗ್, ಫ್ರೈಬುರ್ಗ್ ಇರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮಂಥವರಿಗೆ ಸೆಮಿಸ್ಟರಿಗೆ 1,500 ಯೂರೋ. ವೀಸಾಕ್ಕೆ ಒಂದು ವರ್ಷದ ಖರ್ಚಿನ ದುಡ್ಡು ಅಂತ ಬ್ಲಾಕ್ಡ್ ಅಕೌಂಟಿನಲ್ಲಿ 11,904 ಯೂರೋ ಇಡಬೇಕು, ತಿಂಗಳಿಗೆ 992ರಂತೆ ಮಾತ್ರ ಕೈಗೆ ಬರುತ್ತೆ. ವೀಸಾಕ್ಕೆ ಮುಂಚೆ ಎಪಿಎಸ್ ಪ್ರಮಾಣಪತ್ರ (ಪದವಿಯ ದಾಖಲೆಗಳು ಅಸಲಿ ಅಂತ ಪರಿಶೀಲಿಸಿ ಕೊಡುವ ಪತ್ರ) ಬೇಕು, 2022ರ ನವೆಂಬರ್‌ನಿಂದ ಕಡ್ಡಾಯ, ಶುಲ್ಕ 18,000 ರೂಪಾಯಿ. ಸೀಟು ಸಿಕ್ಕ ಮೇಲೆ ಹಾಕೋಣ ಅಂದುಕೊಂಡರೆ ಕೆಟ್ಟಿರಿ, ಈಗಲೇ ಹಾಕಿ. ಇನ್ನೊಂದು, ಸಮಾಜವಿಜ್ಞಾನದ ಎಂಎಗಳು ಹೆಚ್ಚಿನವು ಜರ್ಮನ್ ಭಾಷೆಯಲ್ಲೇ ನಡೆಯೋದು, ಅದಕ್ಕೆ ಸಿ1, ಅಂದರೆ ಭಾಷೆಯ ಮೇಲೆ ಒಳ್ಳೇ ಹಿಡಿತವಿರುವ ಮಟ್ಟ ಕೇಳುತ್ತಾರೆ. ಆರು ತಿಂಗಳ ಕ್ಲಾಸಿಗೆ ದಕ್ಕುವ ಭಾಷೆಯಲ್ಲ ಅದು. ಇಂಗ್ಲಿಷಿನಲ್ಲಿ ಇರುವ ಕೆಲವಕ್ಕೆ ಪ್ರಪಂಚವೆಲ್ಲ ಅರ್ಜಿ ಹಾಕುತ್ತೆ.

ಕುವೆಂಪುನಗರ:
ಈ ವಿಷಯದಲ್ಲಿ ಇಂಗ್ಲೆಂಡ್ ಸಲೀಸು: ಮೂರು ವರ್ಷದ ಬಿಎ ಒಪ್ಪುತ್ತಾರೆ, ಕ್ರೆಡಿಟ್ ಎಣಿಸುವ ಗೋಜು ಕಮ್ಮಿ. ಹೊಡೆತ ಬೀಳೋದು ಜೇಬಿಗೆ. ಫೀಸು 20,000 ಪೌಂಡ್ ದಾಟೋದೇ ಹೆಚ್ಚು. ಖರ್ಚಿಗೆ ತೋರಿಸಬೇಕಾದ್ದು, 2025ರ ನವೆಂಬರ್‌ನಿಂದ, ಲಂಡನ್ನಿನಲ್ಲಿ ತಿಂಗಳಿಗೆ 1,529 ಪೌಂಡ್, ಹೊರಗೆ 1,171, ಒಂಬತ್ತು ತಿಂಗಳದ್ದು. ಆರೋಗ್ಯ ಶುಲ್ಕ ವರ್ಷಕ್ಕೆ 776 ಪೌಂಡ್. ಕೋರ್ಸ್ ಒಂದೇ ವರ್ಷದ್ದಾದರೂ ವೀಸಾ ಅದಕ್ಕಿಂತ ಕೆಲವು ತಿಂಗಳು ಹೆಚ್ಚಿಗೆ ಇರೋದರಿಂದ ಒಂದೂವರೆ ವರ್ಷದ ಲೆಕ್ಕ ಬಿದ್ದು 1,164 ಆಗುತ್ತೆ. ಇದನ್ನು ಮರೆತು ಬಜೆಟ್ ಹಾಕುವವರೇ ಜಾಸ್ತಿ.

ಖರ್ಚಿನ ದುಡ್ಡು ಉಳಿತಾಯದ್ದಾದರೆ ಸತತ 28 ದಿನ ಖಾತೆಯಲ್ಲಿರಬೇಕು. ನಡುವೆ ಒಂದೇ ದಿನ, ನೂರೇ ರೂಪಾಯಿ ಕಮ್ಮಿಯಾದರೂ ವೀಸಾ ಹೋಯಿತು ಅಂತಲೇ ಲೆಕ್ಕ. ರೂಪಾಯಿ ಬೆಲೆ ಏರಿಳಿಯುತ್ತಲ್ಲ, ಆದ್ದರಿಂದ ಮೇಲೆ ನಾಲ್ಕು ಕಾಸು ಹೆಚ್ಚೇ ಇಡಿ. ಖಾತೆ ತಂಗಿಯದ್ದು ಇಲ್ಲಾ ಅಪ್ಪ-ಅಮ್ಮಂದು ಆಗಿರಬೇಕು. ಅಪ್ಪ-ಅಮ್ಮಂದಾದರೆ ಅವಳ ಜನನ ಪ್ರಮಾಣಪತ್ರ, ಅವರ ಒಪ್ಪಿಗೆ ಪತ್ರ ಜೊತೆಗಿಡಿ. ಸೋದರಮಾವನ ಖಾತೆ ನಡೆಯಲ್ಲ, ಅಣ್ಣನಾದ ನಿಮ್ಮದೂ ನಡೆಯಲ್ಲ. ವೀಸಾಕ್ಕೆ ಬೇಕಾದ ಕ್ಷಯದ ಪರೀಕ್ಷೆ ಇಂಗ್ಲೆಂಡಿನ ಸರ್ಕಾರ ಗೊತ್ತುಮಾಡಿದ ಕ್ಲಿನಿಕ್ಕಿನಲ್ಲೇ ಆಗಬೇಕು, ಬೆಂಗಳೂರಿಗೆ ಹೋಗಿ ಬನ್ನಿ. ಸರ್ಟಿಫಿಕೇಟು ಆರು ತಿಂಗಳು ನಡೆಯುತ್ತೆ.

ಮಂಡ್ಯ, ಗುತ್ತಲು ರಸ್ತೆ:
ಗದ್ದೆ ಅಂದಿರಲ್ಲ, ಅದಕ್ಕೆ ಒಂದು ಮಾತು. ಪಹಣಿ ಹಿಡಿದುಕೊಂಡು ಬ್ಯಾಂಕಿಗೆ ಹೋದರೆ ಶಿಕ್ಷಣ ಸಾಲಕ್ಕೆ ಉಪಯೋಗಕ್ಕೆ ಬರಲ್ಲ. ಸಾಲ ಕಟ್ಟದಿದ್ದರೆ ಆಸ್ತಿ ಮುಟ್ಟುಗೋಲು ಹಾಕುವ ಸರ್ಫೇಸಿ ಕಾಯ್ದೆ ಕೃಷಿ ಭೂಮಿಗೆ ಅನ್ವಯಿಸಲ್ಲ. ಅದಕ್ಕೇ ಬ್ಯಾಂಕಿನವರು ಮನೆ, ಸೈಟು, ಎಫ್‌ಡಿ, ಎಲ್‌ಐಸಿ ಬಾಂಡ್ ಕೇಳೋದು. ಇ-ಖಾತಾ ಆದ ಸೈಟಿದ್ದರೆ ಮಾತು ಬೇಗ ಮುಗಿಯುತ್ತೆ. ಸರ್ಕಾರಿ ಬ್ಯಾಂಕುಗಳಲ್ಲಿ ಮಾಮೂಲಿ ಪದ್ಧತಿ ಅಂದರೆ 4 ಲಕ್ಷದವರೆಗೆ ಭದ್ರತೆ ಬೇಡ, 7.5 ಲಕ್ಷದವರೆಗೆ ಜಾಮೀನುದಾರ, ಅದರ ಮೇಲೆ ಆಸ್ತಿ. ಅಂತೂ ಇಂಗ್ಲೆಂಡಿನ ಫೀಸಿಗೆ ಆಸ್ತಿಯಿಲ್ಲದೆ ಆಗಲ್ಲ. ಬ್ಯಾಂಕ್ ಸಾಲದಿಂದ ಕಳಿಸಿದ ಹಣಕ್ಕೆ ಟಿಸಿಎಸ್ (ಹಣ ಕಳಿಸುವಾಗಲೇ ಬ್ಯಾಂಕು ಹಿಡಿದುಕೊಳ್ಳುವ ತೆರಿಗೆ) ಇಲ್ಲ, ಗದ್ದೆ ಮಾರಿದ ದುಡ್ಡು ಕಳಿಸಿದರೆ ವರ್ಷಕ್ಕೆ 10 ಲಕ್ಷದ ಮೇಲಿನದಕ್ಕೆ ಉಂಟು.

ಶ್ರೀರಂಗಪಟ್ಟಣ:
ಎಸ್‌ಸಿ ಆಗಿದ್ದರೆ ಅಥವಾ ಭೂಮಿಯಿಲ್ಲದ ಕೂಲಿಕಾರರ ಮನೆಯವರಾಗಿದ್ದರೆ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಇದೆ. ದೇಶಕ್ಕೆಲ್ಲ ಸೇರಿ ವರ್ಷಕ್ಕೆ 125 ಮಂದಿಗೆ, ಅದರಲ್ಲಿ 115 ಎಸ್‌ಸಿಗೆ. ಆದಾಯ 8 ಲಕ್ಷದೊಳಗೆ, ಅಂಕ 60 ಪರ್ಸೆಂಟ್. ಆದರೆ 2022ರಲ್ಲಿ ಬಂದ ನಿಯಮದ ಪ್ರಕಾರ ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಸಮಾಜ ಕುರಿತ ವಿಷಯಕ್ಕೆ ಹಣವಿಲ್ಲ. ಮೈಸೂರಿನಲ್ಲೇ ಹುಟ್ಟಿದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಆಕ್ಸ್‌ಫರ್ಡ್‌ನಲ್ಲಿ ಬರೆದ ಪ್ರಬಂಧ ಕೊಡವರ ಮೇಲೆ. ಈಗಾಗಿದ್ದರೆ ಆ ವಿಷಯ ಕಂಡೊಡನೆ ಅರ್ಜಿ ಬದಿಗೆ ಸರಿಯುತ್ತಿತ್ತು! ರಾಜ್ಯದ 'ಪ್ರಬುದ್ಧ' ವಿದ್ಯಾರ್ಥಿವೇತನ ಯೋಜನೆ ಎಸ್‌ಸಿ, ಎಸ್‌ಟಿಗೆ, ಸಮಾಜ ಕಲ್ಯಾಣ ಇಲಾಖೆಯಲ್ಲಿ ವಿಚಾರಿಸಿ.

ಮದ್ದೂರಿನಿಂದ ಮತ್ತೆ:
ಇಷ್ಟು ಯಾರೂ ಬಿಡಿಸಿ ಹೇಳಿರಲಿಲ್ಲ. ನಾವು ಆ ವರ್ಗಗಳಿಗೆ ಬರಲ್ಲ. ಸೈಟೊಂದಿದೆ, ಇ-ಖಾತಾ ಮಾಡಿಸಬೇಕು. ಪಾಸ್‌ಪೋರ್ಟ್ ಇನ್ನೂ ಮಾಡಿಸಿಲ್ಲ. ಶಿಫಾರಸು ಪತ್ರ ಕೊಡುವ ಮೇಷ್ಟ್ರಿಗೆ ಇರೋದು ಜಿಮೇಲ್ ಒಂದೇ.

ಸರಸ್ವತಿಪುರಂ:
ಜಿಮೇಲ್ ಇದ್ದರೆ ಎಷ್ಟೋ ವಿವಿಗಳು ಪತ್ರವನ್ನೇ ತೆಗೆದುಕೊಳ್ಳಲ್ಲ. ಕಾಲೇಜಿನ ಅಧಿಕೃತ ಮೇಲ್ ಪ್ರಾಂಶುಪಾಲರ ಕಚೇರಿಯಲ್ಲಿರುತ್ತೆ. ಲೆಟರ್‌ಹೆಡ್ಡಿನಲ್ಲಿ ಸಹಿ ಮಾಡಿದ ಪತ್ರವನ್ನು ಅಲ್ಲಿಂದ ಕಳಿಸಿಕೊಡಿ ಅಂತ ಮೇಷ್ಟ್ರನ್ನು ಕೇಳಿಕೊಳ್ಳಿ.

ಪಾಸ್‌ಪೋರ್ಟ್ ಮಾಡಿಸಿಲ್ಲ ಅನ್ನೋದು ಒಳ್ಳೇದೇ ಆಯಿತು. ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಹೆಸರಿನ ಹಿಂದೆ ಇನಿಷಿಯಲ್ ಇರುತ್ತಲ್ಲ, ಪಾಸ್‌ಪೋರ್ಟಿನಲ್ಲಿ ಅದನ್ನು ಊರು, ಅಪ್ಪನ ಹೆಸರು ಅಂತ ಬಿಡಿಸಿ ಬರೆಸಬೇಕಾಗುತ್ತೆ. ಆಗ ಮಾರ್ಕ್ಸ್ ಕಾರ್ಡಿನವಳೇ ಬೇರೆ, ಪಾಸ್‌ಪೋರ್ಟಿನವಳೇ ಬೇರೆ ಅನ್ನೋ ಹಾಗೆ ಕಾಣುತ್ತೆ. ಇಬ್ಬರೂ ಒಬ್ಬಳೇ ಅಂತ ನೋಟರಿ ಅಫಿಡವಿಟ್ ಮಾಡಿಸಿ, ಪ್ರತಿ ಅರ್ಜಿಯ ಜೊತೆ ಲಗತ್ತಿಸಿ. ಐಇಎಲ್‌ಟಿಎಸ್ ಅನ್ನೋ ಇಂಗ್ಲಿಷ್ ಪರೀಕ್ಷೆಯ ನೋಂದಣಿ ಪಾಸ್‌ಪೋರ್ಟ್ ಕೈಗೆ ಬಂದ ಮೇಲೆ, ಅದರಲ್ಲಿರುವ ಹೆಸರಿನಲ್ಲೇ ಮಾಡಿಸಿ. ಇಲ್ಲದಿದ್ದರೆ ಮೂರನೆಯ ಹೆಸರೊಂದು ಹುಟ್ಟಿಕೊಳ್ಳುತ್ತೆ.