ಫೈಲ್ ಎಳೆದು ತಂದರೂ ನನ್ನ ಪ್ರೋಗ್ರಾಮ್ ತಗೊಳ್ತಿಲ್ಲ, ಯಾಕೆ?

ಪ್ರಶ್ನೆ: ಸರ್, ಒಂದು ಫೋಟೊ ಸ್ಟುಡಿಯೊಗೆ ಸಿ ಶಾರ್ಪ್ ಭಾಷೆಯಲ್ಲಿ, ವಿನ್‌ಫಾರ್ಮ್ಸ್ (ವಿಂಡೋಸ್ ಪ್ರೋಗ್ರಾಮಿನ ಪರದೆ ಕಟ್ಟೋ ಸಲಕರಣೆ) ಬಳಸಿ ಪುಟ್ಟ ಪ್ರೋಗ್ರಾಮ್ ಬರೀತಿದ್ದೇನೆ. ಫೋಲ್ಡರ್‌ನಿಂದ ಫೋಟೊಗಳನ್ನು ಎಳೆದು ಲಿಸ್ಟ್‌ಬಾಕ್ಸ್ ಮೇಲೆ ಬಿಟ್ಟರೆ ಹೆಸರು ಬದಲಾಗಬೇಕು. ಲಿಸ್ಟ್‌ಬಾಕ್ಸ್‌ಗೆ ಅಲೋಡ್ರಾಪ್ (AllowDrop, ಮೇಲೆ ಬಿಡೋಕೆ ಅನುಮತಿ) ಟ್ರೂ ಮಾಡಿದ್ದೇನೆ, ಫೈಲ್ ಬಿಟ್ಟಾಗ ಬರೋ ಡ್ರ್ಯಾಗ್‌ಡ್ರಾಪ್ ಈವೆಂಟ್‌ಗೆ ಕೋಡೂ ಇದೆ. ಆದರೂ ಕರ್ಸರ್ ಹತ್ತಿರ ಅಡ್ಡಗೆರೆ ಎಳೆದ ವೃತ್ತವೇ ಬರುತ್ತೆ. ಎರರ್ ಮಾತ್ರ ಏನೂ ಇಲ್ಲ.

ಉತ್ತರ: ಆ ವೃತ್ತ ಬಂತು ಅಂದ್ರೆ ಇಲ್ಲಿ ಬಿಡೋ ಹಾಗಿಲ್ಲ ಅಂತ. ಬೇಡ ಅಂತಿರೋದು ನಿಮ್ಮ ಪ್ರೋಗ್ರಾಮೋ ವಿಂಡೋಸೋ, ಅದನ್ನು ಮೊದಲು ಪತ್ತೆ ಮಾಡಿ. ಕೋಡ್ ತಿದ್ದೋದು ಆಮೇಲೆ.

ಎಳೆದ ಫೈಲ್ ಲಿಸ್ಟ್‌ಬಾಕ್ಸ್ ಮೇಲೆ ಬಂದಾಗ ಆಗೋ ಡ್ರ್ಯಾಗ್‌ಎಂಟರ್ ಈವೆಂಟ್‌ಗೂ ಒಂದು ಹ್ಯಾಂಡ್ಲರ್, ಅಂದ್ರೆ ಆಗ ಓಡೋ ಕೋಡ್ ಬೇಕು. ಎಫೆಕ್ಟ್ ಅನ್ನೋದು ಅಲ್ಲಿ ಶುರುವಿಗೆ None (ಏನೂ ಬೇಡ) ಆಗಿರುತ್ತೆ. ಬಂದದ್ದು ಫೈಲ್‌ಡ್ರಾಪ್, ಅಂದ್ರೆ ಫೈಲ್‌ಗಳೇ ಹೌದಾ ಅಂತ ನೋಡಿ, ಹೌದಾದ್ರೆ ಎಫೆಕ್ಟ್‌ಗೆ Copy ಅನ್ನೋ ಬೆಲೆ ಕೊಡಿ. ಅದು None ಆಗೇ ಉಳಿದರೆ ಡ್ರ್ಯಾಗ್‌ಡ್ರಾಪ್ ನಡೆಯೋದೇ ಇಲ್ಲ. ಹೆಚ್ಚಿನವರು ಎಡವೋದು ಇಲ್ಲೇ. ಈ ಹ್ಯಾಂಡ್ಲರ್‌ನ ಮೊದಲ ಸಾಲಲ್ಲಿ ಡೀಬಗ್ ರೈಟ್‌ಲೈನ್ (ಔಟ್‌ಪುಟ್ ವಿಂಡೋದಲ್ಲಿ ಒಂದು ಸಾಲು ಬರೆಯೋ ಆದೇಶ) ಹಾಕಿ, ಈವೆಂಟ್ ನಿಮ್ಮ ಪ್ರೋಗ್ರಾಮಿಗೆ ತಲುಪುತ್ತಾ ಅಂತ ಗೊತ್ತಾಗುತ್ತೆ. ಪ್ರೋಗ್ರಾಮನ್ನು ನಡುವೆ ನಿಲ್ಲಿಸೋ ಬ್ರೇಕ್‌ಪಾಯಿಂಟ್ ಬೇಡ, ಎಳೆಯೋದರ ನಡುವೆ ನಿಲ್ಲಿಸಿದರೆ ಎಕ್ಸ್‌ಪ್ಲೋರರ್ (ಫೋಲ್ಡರ್ ತೋರಿಸೋ ವಿಂಡೋಸ್ ಪ್ರೋಗ್ರಾಮ್) ಕೂಡ ಕಾಯ್ತಾ ಕೂರುತ್ತೆ.

ಪ್ರಶ್ನೆ: ಎಲ್ಲ ಮಾಡಿದೆ ಸರ್. ಔಟ್‌ಪುಟ್‌ನಲ್ಲಿ ಆ ಸಾಲೇ ಬರ್ತಿಲ್ಲ.

ಉತ್ತರ: ಹ್ಯಾಂಡ್ಲರ್ ಈವೆಂಟ್‌ಗೆ ಜೋಡಿಸಿದೆಯಾ ಅಂತ ಪ್ರಾಪರ್ಟೀಸ್‌ನಲ್ಲಿ ನೋಡಿ. ಜೋಡಿಸಿದ್ದರೆ ತಡೀತಿರೋದು ವಿಂಡೋಸ್ ಇರಬೇಕು. ಕೋಡ್ ಬರೆಯೋ ವಿಷುಯಲ್ ಸ್ಟುಡಿಯೊವನ್ನು ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್ ಅಂತ, ಅಂದ್ರೆ ಹೆಚ್ಚಿನ ಅಧಿಕಾರದಲ್ಲಿ ತೆರೆದಿದ್ದೀರಾ? ಹಾಗಾದ್ರೆ ಅದರಿಂದ ಓಡೋ ನಿಮ್ಮ ಪ್ರೋಗ್ರಾಮಿಗೂ ಅದೇ ಅಧಿಕಾರ. ಎಕ್ಸ್‌ಪ್ಲೋರರ್ ಓಡೋದು ಸಾಮಾನ್ಯ ಅಧಿಕಾರದಲ್ಲಿ. ಕೆಳಗಿನ ಅಧಿಕಾರದ ಪ್ರೋಗ್ರಾಮ್ ಮೇಲಿನದಕ್ಕೆ ಹೀಗೆ ಏನನ್ನೂ ದಾಟಿಸೋ ಹಾಗಿಲ್ಲ ಅಂತ ವಿಸ್ಟಾ ಕಾಲದಿಂದ ವಿಂಡೋಸ್‌ನಲ್ಲಿ ಕಟ್ಟುಪಾಡಿದೆ. ಭದ್ರತೆಗೆ ಅದು ಬೇಕೇ ಬೇಕು, ಯುಎಸಿ (ಹೆಚ್ಚಿನ ಅಧಿಕಾರ ಕೊಡೋ ಮುಂಚೆ ಒಪ್ಪಿಗೆ ಕೇಳೋ ವಿಂಡೋಸ್ ವ್ಯವಸ್ಥೆ) ಆಫ್ ಮಾಡೋಕೆ ಹೋಗಬೇಡಿ. ವಿಷುಯಲ್ ಸ್ಟುಡಿಯೊ ಮುಚ್ಚಿ ಮಾಮೂಲಿಯಾಗಿ ತೆರೆಯಿರಿ.

ಪ್ರಶ್ನೆ: ಅದೇ ಆಗಿತ್ತು ಸರ್, ತುಂಬಾ ಥ್ಯಾಂಕ್ಸ್! ಈಗ ಫೋಟೊ ಜಾಸ್ತಿ ಬಿಟ್ಟರೆ ಫೋಲ್ಡರ್ ವಿಂಡೋ ಅಲ್ಲಾಡೋದೇ ಇಲ್ಲ.

ಉತ್ತರ: ನಿಮ್ಮ ಡ್ರ್ಯಾಗ್‌ಡ್ರಾಪ್ ಹ್ಯಾಂಡ್ಲರ್ ಮುಗಿಯೋವರೆಗೂ ಎಕ್ಸ್‌ಪ್ಲೋರರ್ ಕಾಯಬೇಕು, ಅಲ್ವಾ? ಅಲ್ಲಿ ಫೈಲ್ ಹೆಸರುಗಳ ಅರೇ (ಪಟ್ಟಿ) ಮಾತ್ರ ತಗೊಂಡು ವಾಪಸ್ ಬನ್ನಿ. ಹೆಸರು ಬದಲಿಸೋ ಕೆಲಸವನ್ನು ಹಿನ್ನೆಲೆಯಲ್ಲಿ ಬೇರೆಯಾಗಿ ಓಡಿಸೋ ಟಾಸ್ಕ್ ರನ್‌ಗೆ ಕೊಡಿ. ಹ್ಯಾಂಡ್ಲರ್ ಒಳಗೆ ಮೆಸೇಜ್‌ಬಾಕ್ಸ್ ತೋರಿಸಿದರೂ ಇದೇ ಕಥೆ. ಇನ್ನೊಂದು, ಹ್ಯಾಂಡ್ಲರ್ ಒಳಗೆ ಎಕ್ಸೆಪ್ಶನ್ (ಓಡುವಾಗ ಬರೋ ಎರರ್) ಬಂದರೆ ಎಷ್ಟೋ ಸಲ ಸದ್ದಿಲ್ಲದೆ ಮಾಯವಾಗುತ್ತೆ. ಅದನ್ನು ಹಿಡಿಯೋ ಟ್ರೈ ಕ್ಯಾಚ್ ಹಾಕಿ ಲಾಗ್‌ಗೆ ಬರೆದಿಡಿ.