ಹಳೇಮನೆ ಬಳಗದಲ್ಲಿ ಆಯಿಲ್ ವಿಡಿಯೋ

ಸುರೇಶ ಚಿಕ್ಕಪ್ಪ, ಸಂಜೆ 7:42
(ಫಾರ್ವರ್ಡ್ ಆದ ವಿಡಿಯೋ)
ಬೈಕ್ ಇರೋ ಎಲ್ಲರೂ ತಪ್ಪದೆ ನೋಡಿ!! ಕಾರ್ ಆಯಿಲ್, ಬೈಕ್ ಆಯಿಲ್ ಎರಡೂ ಒಂದೇ ಡ್ರಮ್ಮಿಂದ ಬರೋದು, ಲೇಬಲ್ ಮಾತ್ರ ಬೇರೆ. ಗ್ಯಾರೇಜಿನವರು ಹೇಳಲ್ಲ. ವಿಡಿಯೋದ ಯಂತ್ರಕ್ಕೆ ಮಾಮೂಲಿ ಆಯಿಲ್ ಹಾಕಿ ತೂಕ ಏರಿಸಿದರೆ ಮೂರನೇ ತೂಕಕ್ಕೇ ಕಿರುಚುತ್ತೆ. ಬಾಟಲಿಯಲ್ಲಿ ಮಾರೋ ಈ ದ್ರಾವಣ ನಾಲ್ಕು ಹನಿ ಬಿಟ್ಟರೆ ಒಂಬತ್ತು ತೂಕ ಇಟ್ಟರೂ ಸದ್ದಿಲ್ಲ. ಹತ್ತು ಜನಕ್ಕೆ ಕಳಿಸಿ.

ಮಂಜುಳತ್ತೆ, 7:44
ಒಳ್ಳೇ ಮಾಹಿತಿ ಸುರೇಶ. ಕಳಿಸಿದೆ.

ಪ್ರಕಾಶ, 7:49
ಚಿಕ್ಕಪ್ಪ, ಮೂಲ ಯಾವುದು? ಯಾವ ಲ್ಯಾಬು? ವಿಡಿಯೋದಲ್ಲಿ ಮೆಷಿನ್ ಹೆಸರಿಲ್ಲ, ಆಯಿಲ್ ಗ್ರೇಡ್ ಇಲ್ಲ. ಕೊನೇಲಿ ಬಾಟಲಿ ಬೆಲೆ ಮಾತ್ರ ಇದೆ.

ಸುರೇಶ ಚಿಕ್ಕಪ್ಪ, 7:51
ಎಲ್ಲದಕ್ಕೂ ಮೂಲ ಮೂಲ ಅಂತೀಯ. ಕಣ್ಣಿಗೆ ಕಾಣ್ತಿದೆಯಲ್ಲ. ಗ್ಯಾರೇಜಿನ ನಮ್ಮ ರವಿ ಕಳೆದ ಸರ್ವಿಸಿಗೆ ಬೈಕ್ ಆಯಿಲ್ ಅಂತ ಬೇರೆ ದುಡ್ಡು ತಗೊಂಡ, ಯಾಕೆ ಅಂತ ಈಗ ಅರ್ಥ ಆಯ್ತು.

ರವಿ, 7:53
ಚಿಕ್ಕಪ್ಪ, ಡಬ್ಬದ ಮೇಲೆ ಇದ್ದ ಬೆಲೆಯನ್ನೇ ತಗೊಂಡಿದ್ದು. ಖಾಲಿ ಡಬ್ಬಾನೂ ನಿಮ್ಮ ಕೈಗೇ ಕೊಟ್ಟಿದ್ದೆ. ಇಡೀ ಬಳಗದ ಎದುರು ಹೀಗಂದ್ರೆ ನಾನೇನು ಹೇಳಲಿ?

ದೊಡ್ಡಪ್ಪ, 7:58
ಸುರೇಶ, ಮನೆ ಹುಡುಗನ ಮೇಲೆ ಅನುಮಾನ ಪಡೋದು ಸರಿಯಲ್ಲ. ರವಿ, ನೀನೂ ಹಿರಿಯರಿಗೆ ತಗ್ಗಿ ಮಾತಾಡು. ನಾಲ್ಕು ಕಾಸು ಉಳಿಸೋಕೆ ಹೋಗಿ ಎಂಜಿನ್ ಕಳ್ಕೊಂಡವರು ಬೇಕಾದಷ್ಟು ಜನ ಇದ್ದಾರೆ. ಶ್ರುತಿ ಆಯಿಲ್ ಲ್ಯಾಬಲ್ಲೇ ಇರೋದಲ್ಲ, ಅವಳು ಹೇಳಲಿ.

ಶ್ರುತಿ, 8:10
ವಿಡಿಯೋ ಎರಡು ಸಲ ನೋಡಿದೆ ದೊಡ್ಡಪ್ಪ.

ತಿರುಗೋ ಉಂಗುರಕ್ಕೆ ಒಂದು ಉಕ್ಕಿನ ತುಂಡನ್ನ ಸನ್ನೆಕೋಲಿಂದ ಒತ್ತುತ್ತಾರೆ. ಟಿಮ್ಕೆನ್ ಅನ್ನೋ ಹಳೇ ಯಂತ್ರದ ಸಣ್ಣ ನಕಲು ಅದು. ಗೇರ್ ಆಯಿಲ್, ಗ್ರೀಸು ಎಷ್ಟು ಒತ್ತಡ ತಡೀತವೆ ಅಂತ ನೋಡೋಕೆ ಸರಿ. ಆ ದ್ರಾವಣ ಅಲ್ಲಿ ಗೆಲ್ಲೋದೂ ಸುಳ್ಳಲ್ಲ. ಇಂಥ ಬಾಟಲಿಗಳಲ್ಲಿ ಸಾಮಾನ್ಯವಾಗಿ ಇರೋದು ಕ್ಲೋರಿನೇಟೆಡ್ ಪ್ಯಾರಾಫಿನ್. ಉಜ್ಜೋ ಜಾಗ ಸುಡುಬಿಸಿ ಆದಾಗ ಅದರೊಳಗಿನ ಕ್ಲೋರಿನ್ ಕಬ್ಬಿಣದ ಜೊತೆ ಸೇರಿ ತೆಳು ಪದರ ಕಟ್ಟುತ್ತೆ, ಸದ್ದು ನಿಲ್ಲುತ್ತೆ. ಕೆಲವು ಶ್ಯಾಂಪೂ ಬಿಟ್ಟರೂ ಆ ಯಂತ್ರ ಸುಮ್ಮನಾಗುತ್ತೆ.

ಎಂಜಿನ್ನಲ್ಲಿ ಕಥೆ ಬೇರೆ. ಪೆಟ್ರೋಲ್ ಉರಿದಾಗ ನೀರಾವಿ ಹುಟ್ಟುತ್ತೆ, ಸ್ವಲ್ಪ ಆಯಿಲಿಗೂ ಇಳಿಯುತ್ತೆ. ಕ್ಲೋರಿನ್ ಜೊತೆ ಅದು ಸೇರಿದರೆ ಹೈಡ್ರೋಕ್ಲೋರಿಕ್ ಆಮ್ಲ. ಬೇರಿಂಗು, ತಾಮ್ರ ಇರೋ ಭಾಗ ಎಲ್ಲ ಕೊರೆಯುತ್ತೆ.

ಸುರೇಶ ಚಿಕ್ಕಪ್ಪ, 8:13
ದ್ರಾವಣ ಬಿಡು ಪುಟ್ಟಿ, ನಾನೇನೂ ಕೊಂಡಿಲ್ಲ. ಕಾರ್ ಆಯಿಲ್ ಒಂದೇ ಅಂತಿರೋದಕ್ಕೆ ಏನಂತೀಯ?

ಶ್ರುತಿ, 8:22
ಒಂದೇ ಅಲ್ಲ ಚಿಕ್ಕಪ್ಪ. ಕಾರಲ್ಲಿ ಎಂಜಿನ್ ಆಯಿಲ್ ಎಂಜಿನ್ನಿಗೆ ಮಾತ್ರ. ಗೇರ್ ಬಾಕ್ಸಿಗೆ ಬೇರೆ, ಮ್ಯಾನುಯಲ್ ಗೇರಿನ ಕಾರಲ್ಲಿ ಕ್ಲಚ್ ಒಣಗಿದ್ದು. ನಿಮ್ಮ 150 ಸಿಸಿ ಗಾಡಿಯಲ್ಲಿ ಆ ಒಂದು ಲೀಟರೇ ಪಿಸ್ಟನ್ ತಂಪು ಮಾಡಬೇಕು, ಗೇರಿನ ಹಲ್ಲು ಕಾಯಬೇಕು, ಕ್ಲಚ್ ಪ್ಲೇಟ್ ಅದರಲ್ಲೇ ಮುಳುಗಿದ್ರೂ ಜಾರದಂತೆ ಹಿಡೀಬೇಕು. ಒಂದು ಕಡೆ ಜಾರಬೇಕು, ಇನ್ನೊಂದು ಕಡೆ ಜಾರಬಾರದು. ಬೈಕ್ ಆಯಿಲ್ ಮಾಡೋರ ತಲೆನೋವೆಲ್ಲ ಇದೇ.

ಮೈಲೇಜ್ ಹೆಚ್ಚಲಿ ಅಂತ ತೆಳು ಕಾರ್ ಆಯಿಲುಗಳಿಗೆ ಘರ್ಷಣೆ ಇಳಿಸೋ ಮಾಲಿಬ್ಡಿನಮ್ ಸಂಯುಕ್ತದ ಥರದ್ದು ಹಾಕ್ತಾರೆ. ಕ್ಲಚ್ ಪ್ಲೇಟಿನ ಕಾರ್ಕ್ ಇಲ್ಲಾ ಪೇಪರ್ ಪದರದ ಮೇಲೂ ಅವೇ ಕೂತು ಕ್ಲಚ್ ಜಾರಿಸುತ್ತವೆ.

ಪ್ರಕಾಶ, 8:24
ನೀನು ಹೇಳೋದಕ್ಕೂ ಮೂಲ ಬೇಕು ಶ್ರುತಿ. ಚಿಕ್ಕಪ್ಪನಿಗೊಂದು ನ್ಯಾಯ, ನಿನಗೊಂದು ನ್ಯಾಯ ಆಗಬಾರದು.

ಶ್ರುತಿ, 8:36
ಬೇಕೇ ಬೇಕು. ಜಾಸೊ ಟಿ 903. ಬೈಕ್ ಆಯಿಲಿಗೆ ಜಪಾನಿನ ಮಾನದಂಡ, 1998ರಲ್ಲಿ ಬಂತು. ಕಾರ್ ಆಯಿಲ್ ತೆಳುವಾಗ್ತಾ, ಘರ್ಷಣೆ ಇಳಿಸೋ ರಾಸಾಯನಿಕ ಹೆಚ್ಚಾಗ್ತಾ ಬೈಕಿನ ಕ್ಲಚ್ ಜಾರತೊಡಗಿತು ಅಂತಲೇ ಮಾಡಿದ್ದು. 2006ರಲ್ಲಿ, ಆಯಿಲಲ್ಲಿ ಮುಳುಗಿರೋ ಕ್ಲಚ್ಚಿಗೆ ಅಂತಿರೋ ಎಂಎ ದರ್ಜೆಯೊಳಗೆ ಎಂಎ1, ಎಂಎ2 ಅಂತ ಎರಡು ಭಾಗ ಆಯ್ತು. ಕ್ಲಚ್ ಹಿಡಿತ ಹೆಚ್ಚಿರೋದು ಎಂಎ2. ಹಿಡಿತ ಕಡಿಮೆ ಇರೋದು ಎಂಬಿ, ಅದು ಗೇರಿಲ್ಲದ ಸ್ಕೂಟರಿಗೆ, ಅಲ್ಲಿ ಕ್ಲಚ್ ಆಯಿಲಿಂದ ಹೊರಗಿರುತ್ತೆ.

ಪರೀಕ್ಷೆ ಹೇಗೆ ಅಂದ್ರೆ, ಎಸ್‌ಎಇ ನಂಬರ್ 2 ಅನ್ನೋ ಯಂತ್ರ. ಕ್ಲಚ್ ಪ್ಲೇಟು, ಉಕ್ಕಿನ ಪ್ಲೇಟು ಜೋಡಿಸಿ ಬಿಸಿ ಆಯಿಲಲ್ಲಿ ಮುಳುಗಿಸ್ತಾರೆ. ಭಾರದ ಚಕ್ರ ವೇಗವಾಗಿ ತಿರುಗಿಸಿ ಪ್ಲೇಟುಗಳನ್ನ ಒತ್ತಿ ನಿಲ್ಲಿಸ್ತಾರೆ, ಮತ್ತೆ ತಿರುಗಿಸ್ತಾರೆ, ಹೀಗೆ ನೂರಾರು ಸಲ. ಮೂರು ಅಳತೆ: ಜಾರುವಾಗಿನ ಹಿಡಿತ, ನಿಂತಾಗಿನ ಹಿಡಿತ, ನಿಲ್ಲೋಕೆ ತಗೊಂಡ ಸಮಯ. ಆಮೇಲೆ ಎರಡು ಅಳತೆಗೋಲು ಆಯಿಲುಗಳ ಜೊತೆ ಹೋಲಿಸ್ತಾರೆ. ಹಿಡಿತ ಕಮ್ಮಿ ಇರೋ ಆಯಿಲಿಗೆ 1, ಹೆಚ್ಚಿರೋದಕ್ಕೆ 2 ಅಂತ ಲೆಕ್ಕ ಇಟ್ಟು ನಮ್ಮದು ಎಲ್ಲಿ ಬೀಳುತ್ತೆ ನೋಡೋದು. ಮೂರೂ ಅಳತೆಯಲ್ಲಿ ಗೆದ್ದರೇನೇ ಎಂಎ2. ಒಂದರಲ್ಲಿ ಬಿದ್ದರೂ ಇಲ್ಲ.

ನಾಗರಾಜ, 8:38
ಶ್ರುತಿ, ಆಯಿಲ್ ಅಂದಾಗ ನನಗೆ ಯಾದವಗಿರಿ ನೆನಪಾಗುತ್ತೆ. ಐಡಿಯಲ್ ಜಾವಾ ಬೈಕ್ ಫ್ಯಾಕ್ಟರಿ ಶಿಫ್ಟ್ ಬಿಟ್ಟಾಗ ಮೈಸೂರಲ್ಲಿ ಆ ಸದ್ದು, ಆ ನೀಲಿ ಹೊಗೆ, ಆ ವಾಸನೆ! 1961ರಿಂದ 1996ರ ತನಕ. ಪೆಟ್ರೋಲಿಗೇ ಆಯಿಲ್ ಕಲಸಿ ಹಾಕ್ತಿದ್ರು, ಎಂಎನೂ ಇಲ್ಲ ಎಂಬಿನೂ ಇಲ್ಲ. ಗಾಡಿ ಓಡ್ತಿರಲಿಲ್ವಾ?

ಸುರೇಶ ಚಿಕ್ಕಪ್ಪ, 8:39
ನೋಡಿ, ನಾಗರಾಜ ಸರಿಯಾಗಿ ಹೇಳಿದ.

ರವಿ, 8:41
ನಾಗಣ್ಣ, ಆ ಗಾಡಿಯಲ್ಲಿ ಪೆಟ್ರೋಲಿಗೆ ಕಲಸಿದ ಆಯಿಲ್ ಉರಿದು ಹೊರಗೆ ಹೋಗ್ತಿತ್ತು. ಕ್ಲಚ್ಚಿಗೂ ಗೇರಿಗೂ ಬೇರೆ ಎಣ್ಣೆ ಹಾಕಬೇಕಿತ್ತು. ಅಲ್ಲಿ ಆಯಿಲಿಗೆ ಈ ಮೂರು ಕೆಲಸ ಇರಲೇ ಇಲ್ಲ.

ಶ್ರುತಿ, 8:44
ಹೌದು ನಾಗಣ್ಣ. ಜಾವಾ ಥರ ಪೆಟ್ರೋಲ್ ಜೊತೆ ಆಯಿಲ್ ಉರಿಸೋ ಟೂ ಸ್ಟ್ರೋಕ್ ಗಾಡಿಗೂ ಜಾಸೊ ಗ್ರೇಡ್ ಇದೆ: ಎಫ್‌ಬಿ, ಎಫ್‌ಸಿ, ಎಫ್‌ಡಿ. ಅಲ್ಲಿ ನೋಡೋದು ಜಿಡ್ಡಿನ ಗುಣ, ಪಿಸ್ಟನ್ ಎಷ್ಟು ಶುದ್ಧ ಉಳೀತು, ಹೊಗೆ ಎಷ್ಟು ಬಂತು, ಸೈಲೆನ್ಸರ್ ಎಷ್ಟು ಕಟ್ಟಿಕೊಂಡಿತು. ಕ್ಲಚ್ ಪರೀಕ್ಷೆಯೇ ಇಲ್ಲ.

ನಾಗರಾಜ, 8:45
ಆ ನೀಲಿ ಹೊಗೆಯ ಫೋಟೋ ಯಾರ ಹತ್ರಾದ್ರೂ ಇದ್ರೆ ಹಾಕಿ.

ಪ್ರಕಾಶ, 8:47
ಕ್ಲಚ್ ಆಯ್ತು. ಗೇರಿಗೆ ಏನು ವ್ಯತ್ಯಾಸ? ಅದನ್ನ ಹೇಳಲಿಲ್ಲ ನೀನು.

ಶ್ರುತಿ, 9:02
ಅದೇ ಮುಖ್ಯ, ಕೇಳಿದ್ದು ಒಳ್ಳೇದಾಯ್ತು.

10ಡಬ್ಲ್ಯೂ-40 ಅಂದ್ರೆ ಚಳಿಯಲ್ಲಿ ತೆಳು, ಬಿಸಿಯಲ್ಲಿ ಸಾಕಷ್ಟು ಮಂದ. ಈ ಗುಣ ಬರೋದು ಹೆಚ್ಚಾಗಿ ಉದ್ದ ಸರಪಳಿಯ ಪಾಲಿಮರಿಂದ. ಗೇರಿನ ಹಲ್ಲುಗಳ ನಡುವೆ ಸಿಕ್ಕಿ ಆ ಸರಪಳಿ ತುಂಡಾಗುತ್ತೆ. ಕಾರಿನ ಎಂಜಿನ್ನಲ್ಲಿ ಈ ಗೇರೇ ಇಲ್ಲ, ಹಾಗಾಗಿ ಅಗ್ಗದ ಪಾಲಿಮರ್ ಹಾಕಿದರೂ ನಡೆದುಹೋಗುತ್ತೆ. ಬೈಕಲ್ಲಿ ಕೆಲವೇ ಸಾವಿರ ಕಿಲೋಮೀಟರಿಗೆ 40 ಇದ್ದದ್ದು 30ಕ್ಕೆ ಇಳಿದುಬಿಡಬಹುದು.

ಲ್ಯಾಬಲ್ಲಿ ಇದನ್ನ ಡೀಸೆಲ್ ಇಂಜೆಕ್ಟರ್ ಮೂಲಕ ನೋಡ್ತಾರೆ. ಆಯಿಲನ್ನ ಅದರ ಸಣ್ಣ ತೂತಿಂದ ಭಾರೀ ಒತ್ತಡದಲ್ಲಿ 30 ಸುತ್ತು ಹಾಯಿಸಿ, ಆಮೇಲೆ 100 ಡಿಗ್ರಿಯಲ್ಲಿ ಮಂದತೆ ಅಳೀತಾರೆ. 40ರ ಆಯಿಲ್ ಹೊಸದಾಗಿ 12.5ರಿಂದ 16.3 ಸೆಂಟಿಸ್ಟೋಕ್ (ಮಂದತೆಯ ಅಳತೆ) ಒಳಗೆ ಇರಬೇಕು. ಸರಪಳಿ ತುಂಡಾದ ಮೇಲೂ ಜಾಸೊ ಪ್ರಕಾರ 12.0ಗಿಂತ ಕೆಳಗೆ ಹೋಗಬಾರದು. 30ಕ್ಕೆ 9.0, 50ಕ್ಕೆ 15.0.

ಇನ್ನೊಂದು ವ್ಯತ್ಯಾಸ ರಂಜಕದ್ದು (ಫಾಸ್ಫರಸ್). ಕ್ಯಾಮ್, ರಾಕರ್, ಗೇರ್ ಹಲ್ಲು ಸವೆಯದಂತೆ ಕಾಯೋದು ಸತು-ರಂಜಕದ ಸಂಯುಕ್ತ, ಜೆಡ್‌ಡಿಡಿಪಿ. ಕಾರಿನ 5ಡಬ್ಲ್ಯೂ-30 ಥರದ ಆಯಿಲಿಗೆ ಹೊಸ ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ದರ್ಜೆಗಳಲ್ಲಿ ರಂಜಕದ ಮೇಲ್ಮಿತಿ ಶೇ. 0.08, ಜಾಸ್ತಿ ಆದ್ರೆ ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಕೆಡುತ್ತೆ. ಬೈಕಿಗೆ ಜಾಸೊ 0.08ರಿಂದ 0.12 ಕೇಳುತ್ತೆ. ಕಾರಿನ ಛಾವಣಿಯೇ ಬೈಕಿನ ನೆಲ ಅಂದಂಗಾಯ್ತು.

ರವಿ, 9:06
ಇದು ಗ್ಯಾರೇಜಲ್ಲಿ ಕೈಗೇ ಗೊತ್ತಾಗುತ್ತೆ. ಆಯಿಲ್ ಮೊದಲು ಸೋಲೋದು ಗೇರಲ್ಲೇ. ಎರಡರಿಂದ ಮೂರಕ್ಕೆ ಹಾಕುವಾಗ ಬಿಗಿ, ಕೆಲವು ಸಲ ಗೇರ್ ಬೀಳದೆ ನಡುವೆ ಸುಳ್ಳು ನ್ಯೂಟ್ರಲ್. ಬಣ್ಣ ನೋಡಿ ಯಾರೂ ತೀರ್ಮಾನ ಮಾಡಬೇಡಿ. ಕಪ್ಪಾಗಿದ್ರೆ ಅದು ಮಸಿಯನ್ನ ಹಿಡ್ಕೊಂಡಿದೆ ಅಂತಷ್ಟೇ.

ದೊಡ್ಡಪ್ಪ, 9:10
ಒಂದು ಡಬ್ಬದ ಹಿಂದೆ ಇಷ್ಟು ಜನರ ಶ್ರಮ ಇದೆ. ತಿಳಿಯದೆ ಹತ್ತು ಜನಕ್ಕೆ ಕಳಿಸೋದು ಒಳ್ಳೇದಲ್ಲ ಸುರೇಶ. ಶ್ರುತಿ, ಇದನ್ನ ಮಾಡೋದಕ್ಕೆ ಎಷ್ಟು ದಿನ ಹಿಡಿಯುತ್ತಮ್ಮ?

ಶ್ರುತಿ, 9:25
ಪೂರ್ತಿ ಹೊಸ ಆಯಿಲಾದ್ರೆ ದಿನದ ಲೆಕ್ಕ ಅಲ್ಲ ದೊಡ್ಡಪ್ಪ, ವರ್ಷವೇ ಹಿಡಿಯುತ್ತೆ. ಮುಕ್ಕಾಲು ಪಾಲಿಗಿಂತ ಹೆಚ್ಚು ಮೂಲ ಎಣ್ಣೆ. ಉಳಿದದ್ದು ಪಾಲಿಮರು, ಮಸಿ ಹಿಡಿಯೋದು, ಆಮ್ಲ ಕೊಲ್ಲೋ ಕ್ಯಾಲ್ಸಿಯಂ ಲವಣ, ಸತು-ರಂಜಕ, ಹಳಸದಂತೆ ತಡೆಯೋದು, ನೊರೆ ತಡೆಯೋ ಸಿಲಿಕೋನ್ ಹತ್ತು ಲಕ್ಷಕ್ಕೆ ಹತ್ತಿಪ್ಪತ್ತು ಪಾಲು. ಆ ಸಿಲಿಕೋನ್ ಜಾಸ್ತಿ ಆದ್ರೆ ಆಯಿಲೊಳಗೆ ಸಿಕ್ಕ ಗಾಳಿ ಹೊರಗೆ ಬರೋದೇ ನಿಧಾನ. ಒಂದು ಸರಿ ಮಾಡೋಕೆ ಹೋದ್ರೆ ಇನ್ನೊಂದು ಕೆಡೋದು ಹೀಗೆ.

ಮೊದಲು ಲ್ಯಾಬಿನ ಸಣ್ಣ ಪರೀಕ್ಷೆ. 250 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟರೆ ಶೇ. 20ಕ್ಕಿಂತ ಹೆಚ್ಚು ಆವಿ ಆಗಬಾರದು. ಗಾಳಿಯಲ್ಲಿ ತಣಿಯೋ ಎಂಜಿನ್ನಿಗೆ ಇದು ಬಹಳ ಮುಖ್ಯ, ಆಯಿಲ್ ಕಮ್ಮಿ ಆಗೋದಕ್ಕೆ ಆವಿಯೂ ಒಂದು ಕಾರಣ. ಆಮೇಲೆ ಕ್ಲಚ್ ಯಂತ್ರ. ಆಮೇಲೆ ಎಪಿಐ ಎಂಜಿನ್ ಪರೀಕ್ಷೆ. ಉದಾಹರಣೆಗೆ ಎಪಿಐ ಎಸ್‌ಎನ್ ದರ್ಜೆಗೆ ಇದ್ದ ಸೀಕ್ವೆನ್ಸ್ 3ಜಿ: ವಿ6 ಕಾರ್ ಎಂಜಿನ್, ಆಯಿಲ್ 150 ಡಿಗ್ರಿ, 100 ಗಂಟೆ. ಆಯಿಲ್ ಬೆಂದು ಶೇ. 150ಕ್ಕಿಂತ ಹೆಚ್ಚು ಮಂದ ಆದರೆ ಫೇಲ್ ಆಗ್ತಿತ್ತು.

ಕೊನೇಲಿ ರಸ್ತೆ. ಗಾಡಿಗಳನ್ನ ಓಡಿಸ್ತಾ ನಡುನಡುವೆ ಸ್ವಲ್ಪ ಆಯಿಲ್ ತೆಗೆದು ಕಬ್ಬಿಣ ಎಷ್ಟು, ಪೆಟ್ರೋಲ್ ಎಷ್ಟು ಸೇರಿದೆ, ಕ್ಷಾರ ಎಷ್ಟು ಉಳಿದಿದೆ ನೋಡೋದು. ಮುಗಿದ ಮೇಲೆ ಎಂಜಿನ್ ಬಿಚ್ಚಿ ಸಿಲಿಂಡರ್ ಬೋರನ್ನ ಮೇಲೆ, ನಡುವೆ, ಕೆಳಗೆ ಅಳೆಯೋದು. ವಿಡಿಯೋದವನು ಎರಡು ನಿಮಿಷದಲ್ಲಿ ಮುಗಿಸಿದ್ದಕ್ಕೆ ನನಗೆ ಬೇಜಾರಾಗಿದ್ದು ಇದಕ್ಕೇ.

ಪ್ರಕಾಶ, 9:28
ಜಾಸೊದವರು ಪ್ರತಿ ಆಯಿಲನ್ನೂ ಪರೀಕ್ಷೆ ಮಾಡ್ತಾರಾ?

ಶ್ರುತಿ, 9:31
ಇಲ್ಲ. ಕಂಪನಿಯೇ ಪರೀಕ್ಷೆ ಮಾಡಿಸಿ ನೋಂದಾಯಿಸಬೇಕು. ನೋಂದಾಯಿಸಿದ ಡಬ್ಬದ ಹಿಂದೆ ಸಣ್ಣ ಚೌಕ ಇರುತ್ತೆ, ಒಳಗೆ ಸಂಕೇತ ಸಂಖ್ಯೆ, ಕೆಳಗೆ ಎಂಎ ಅಥವಾ ಎಂಎ2. ಬರೀ "ಎಂಎ2ಗೆ ಸಮ" ಅಂತ ಅಕ್ಷರದಲ್ಲಿದ್ರೆ ಜಾಸೊ ನೋಂದಣಿ ಪಟ್ಟಿಯಲ್ಲಿ ಹುಡುಕಿ ನೋಡಬೇಕು.

ಸುರೇಶ ಚಿಕ್ಕಪ್ಪ, 9:40
(ಫೋಟೋ)
ಇದರಲ್ಲಿ ಚೌಕ ಎಲ್ಲಿದೆ ನೋಡು ಪುಟ್ಟಿ.

ಶ್ರುತಿ, 9:42
ಚಿಕ್ಕಪ್ಪ, ಇದು 5ಡಬ್ಲ್ಯೂ-30, ಎಪಿಐ ಎಸ್‌ಎನ್. ದುಂಡು ಮುದ್ರೆಯ ಕೆಳಗಡೆ ರಿಸೋರ್ಸ್ ಕನ್ಸರ್ವಿಂಗ್ ಅಂತಿದೆ. ಮೈಲೇಜಿಗೆ ಅಂತ ಮಾಡಿದ ಕಾರ್ ಆಯಿಲ್. ಚೌಕ ಇಲ್ಲ. ಗಾಡಿಗೆ ಹಾಕಿಲ್ಲ ತಾನೇ?

ಸುರೇಶ ಚಿಕ್ಕಪ್ಪ, 9:47
ನಿನ್ನೆಯೇ ಹಾಕಿಸಿದೆ. ವಿಡಿಯೋ ಬಂದಿದ್ದು ಮೊನ್ನೆ. ಇವತ್ತು ಏರಲ್ಲಿ ಎಂಜಿನ್ ಕೂಗುತ್ತೆ, ಗಾಡಿ ಮುಂದೆ ಹೋಗಲ್ಲ. ಅದಕ್ಕೇ ಗುಂಪಲ್ಲಿ ಹಾಕಿದ್ದು, ಯಾರಾದ್ರೂ ಏನಾದ್ರೂ ಹೇಳ್ತಾರೇನೋ ಅಂತ.

ದೊಡ್ಡಪ್ಪ, 9:48
ಮೊದಲೇ ನೇರವಾಗಿ ಕೇಳಬಾರದಿತ್ತೇನೋ?

ರವಿ, 9:55
ಚಿಕ್ಕಪ್ಪ, ಗಾಬರಿ ಬೇಡ, ಆದ್ರೆ ಓಡಿಸಬೇಡಿ. ಜಾರ್ತಾ ಓಡಿದ್ರೆ ಪ್ಲೇಟ್ ಸುಟ್ಟು ಗಾಜಿನ ಥರ ನುಣುಪಾಗುತ್ತೆ, ಆಗ ಆಯಿಲ್ ಬದಲಿಸಿದ್ರೂ ಸರಿಯಾಗಲ್ಲ, ಪ್ಲೇಟ್ ಸೆಟ್ಟೇ ಹಾಕಬೇಕು.

ಮೊದಲು ಕ್ಲಚ್ ಲಿವರ್ ತುದಿಯಲ್ಲಿ 10ರಿಂದ 20 ಮಿಲಿಮೀಟರ್ ಸಡಿಲ ಇದೆಯಾ ನೋಡಿ. ಕೇಬಲ್ ಬಿಗಿ ಇದ್ರೂ ಹೀಗೇ ಜಾರುತ್ತೆ, ಆಯಿಲ್ ಮೇಲೆ ಸುಮ್ನೆ ತಪ್ಪು ಹೊರಿಸಬಾರದು. ಅದು ಸರಿ ಇದ್ರೆ ಎಂಜಿನ್ ಐದು ನಿಮಿಷ ಬಿಸಿ ಮಾಡಿ, ಗಾಡಿ ನೆಟ್ಟಗೆ ನಿಲ್ಲಿಸಿ ಪೂರ್ತಿ ಇಳಿಸಬೇಕು. ಎಷ್ಟು ಇಳಿಸಿದ್ರೂ ಕ್ಲಚ್ ಕಡೆ ಸ್ವಲ್ಪ ಉಳಿಯುತ್ತೆ. ಅದಕ್ಕೆ ಎಂಎ2 ಹಾಕಿ ಇನ್ನೂರು ಕಿಲೋಮೀಟರ್ ಮೆಲ್ಲಗೆ ಓಡಿಸಿ ಮತ್ತೆ ಬದಲಿಸೋದು. ಸಾಮಾನ್ಯವಾಗಿ ಅಷ್ಟಕ್ಕೇ ಹಿಡಿತ ವಾಪಸ್ ಬರುತ್ತೆ.

ಡ್ರೈನ್ ಬೋಲ್ಟಿಗೆ ಹೊಸ ವಾಷರ್ ಹಾಕಬೇಕು. ಅತಿಯಾಗಿ ಬಿಗಿದ್ರೆ ಅಲ್ಯೂಮಿನಿಯಂ ಕೇಸಿನ ಥ್ರೆಡ್ಡೇ ಕಿತ್ತು ಬರುತ್ತೆ. ನೀವು ಮಾಡ್ಬೇಡಿ, ನಾಳೆ ಹತ್ತಕ್ಕೆ ನಾನೇ ಮನೆಗೆ ಬರ್ತೀನಿ. ಇಳಿಸಿದ ಆಯಿಲ್ ಚರಂಡಿಗೆ ಬಿಡಬೇಡಿ, ಡಬ್ಬದಲ್ಲಿ ತಗೊಂಡು ಹೋಗ್ತೀನಿ.

ಸುರೇಶ ಚಿಕ್ಕಪ್ಪ, 9:58
ಬಾರಪ್ಪ. ಬಿಲ್ಲಿನ ಮಾತು ಆಡಬಾರದಿತ್ತು. ಎರಡು ಸಲದ್ದೂ ಸೇರಿಸಿ ತಗೋ.

ರವಿ, 9:59
ಡಬ್ಬದ ಬೆಲೆ ಕೊಡಿ ಚಿಕ್ಕಪ್ಪ, ಸಾಕು.

ಮಂಜುಳತ್ತೆ, 10:04
ಸುರೇಶ, ನಾನು ಆಗಲೇ ಭಜನಾ ಮಂಡಳಿ ಗುಂಪಿಗೆ ಕಳಿಸಿದ್ದೆನಲ್ಲೋ. ಈಗ ಅಳಿಸಿದೆ. ಶ್ರುತಿ ಬರೆದದ್ದನ್ನ ಹಾಕಲಾ?

ಶ್ರುತಿ, 10:05
ಹಾಕಿ ಅತ್ತೆ. ಚೌಕದ ವಿಷಯ ಮೊದಲು ಹಾಕಿ, ಉಳಿದದ್ದು ಓದದಿದ್ರೂ ಪರವಾಗಿಲ್ಲ.

ನಾಗರಾಜ, 10:07
ಜಾವಾ ಫೋಟೋ ಯಾರೂ ಹಾಕಲಿಲ್ಲ.

ಸುರೇಶ ಚಿಕ್ಕಪ್ಪ, 10:09
ಡಬ್ಬದಲ್ಲಿ ಇನ್ನೂ ಎರಡೂವರೆ ಲೀಟರ್ ಇದೆ. ಪ್ರಕಾಶ, ನಿನ್ನ ಕಾರಿಗೆ ಆಗುತ್ತಾ?

ಪ್ರಕಾಶ, 10:11
ಲೇಬಲ್ಲಿನ ಪೂರ್ತಿ ಫೋಟೋ ಕಳಿಸಿ ಚಿಕ್ಕಪ್ಪ, ತಯಾರಾದ ದಿನಾಂಕವೂ ಕಾಣಬೇಕು. ಮ್ಯಾನುಯಲ್ ನೋಡಿ ಹೇಳ್ತೀನಿ.