ಪದಚರ್ಚೆ: ‘ಬ್ಲೂ ಮಂಡೇ’ ಬಗ್ಗೆ ಬರೆಯುವಾಗ ಪೋಸ್ಟ್-ಪಂಕ್, ಸಿಂಗಲ್, ಸ್ಯಾಂಪಲ್

ಪ್ರಶ್ನೆ: ಬ್ರಿಟನ್ನಿನ ನ್ಯೂ ಆರ್ಡರ್ ತಂಡದ ಹಾಡು ‘ಬ್ಲೂ ಮಂಡೇ’ (ಫ್ಯಾಕ್ಟರಿ ರೆಕಾರ್ಡ್ಸ್, ಮಾರ್ಚ್ 1983) ಕುರಿತ ಲೇಖನವನ್ನು ಕನ್ನಡಕ್ಕೆ ತರುವಾಗ ನಾಲ್ಕು ಕಡೆ ತೊಡಕಾಗಿದೆ. ಪೋಸ್ಟ್-ಪಂಕ್‌ಗೆ (ಪಂಕ್ ರಾಕ್ ಆದಮೇಲೆ ಬಂದ ಸಂಗೀತ ಶೈಲಿ) ‘ಪಂಕೋತ್ತರ’ ಆದೀತೇ? 12 ಇಂಚಿನ ಸಿಂಗಲ್‌ಗೆ ‘ಏಕಗೀತೆ’? ಸ್ಯಾಂಪಲ್‌ಗೆ ‘ಮಾದರಿ’? ಸಿಂಥಸೈಜರ್‌ನ ಧಾಟಿ ಡ್ರಮ್ಮಿಗೆ ಕೂಡದೆ ಇರುವುದನ್ನು ‘ತಾಳ ತಪ್ಪಿದೆ’ ಎನ್ನಬೇಕೇ, ‘ಅನಾಗತ’ ಎನ್ನಬೇಕೇ?

ಉತ್ತರ 1: ‘ಪಂಕೋತ್ತರ’ ಖಂಡಿತ ಬೇಡ. ನವ್ಯೋತ್ತರದ ಹಾಗೆ ಕಟ್ಟಿದ ಪದವೇನೋ ಸರಿ, ಆದರೆ ನಮಗೆ ಪಂಕ ಅಂದರೆ ಕೆಸರು. ಪೋಸ್ಟ್-ಪಂಕ್ ಎಂದೇ ಇಡಿ.

‘ಏಕಗೀತೆ’ ಅಂದರೆ ಒಬ್ಬರೇ ಹಾಡಿದ್ದು ಅನ್ನಿಸುತ್ತದೆ. ಹಾಡೂ ಒಂದೇ ಅಲ್ಲ, ತಟ್ಟೆಯ ಹಿಂಬದಿಯಲ್ಲಿ ‘ದ ಬೀಚ್’ ಇದೆ. ಮೊದಲ ಸಲ ‘ಸಿಂಗಲ್, ಅಂದರೆ ಆಲ್ಬಮ್ಮಿನ ಹೊರಗೆ ಬಿಡಿಯಾಗಿ ಬಂದ ರೆಕಾರ್ಡು’ ಎಂದು ಬರೆದು, ಮುಂದೆ ಸಿಂಗಲ್ ಅಂದರೆ ಸಾಕು. ‘12 ಇಂಚಿನ’ ಎಂಬುದನ್ನು ಮಾತ್ರ ಎಲ್ಲೂ ಕೈಬಿಡಬೇಡಿ. ಹಾಡು ಏಳೂವರೆ ನಿಮಿಷದ್ದು. ತಗ್ಗಿನ ನಾದ ಗಟ್ಟಿಯಾಗಿ ಕೇಳಬೇಕಾದರೆ ರೆಕಾರ್ಡಿನ ಗೆರೆ ಅಗಲವಾಗಿ ಓಲಾಡಬೇಕು. ಅಷ್ಟುದ್ದದ ಹಾಡನ್ನು 7 ಇಂಚಿಗೆ ತುರುಕಿದರೆ ಗೆರೆಗಳು ಒತ್ತಾಗುತ್ತವೆ, ಧ್ವನಿ ತಗ್ಗಿಸಬೇಕಾಗುತ್ತದೆ, ಡ್ರಮ್ಮಿನ ಪೆಟ್ಟು ಸೊರಗುತ್ತದೆ. ಬ್ರಿಟನ್ನಿನಲ್ಲಿ ಅತಿ ಹೆಚ್ಚು ಮಾರಾಟವಾದದ್ದು ಎಂಬ ಅದರ ಹೆಸರು ಕೂಡ 12 ಇಂಚಿನ ಸಿಂಗಲ್‌ಗಳ ಸಾಲಿನಲ್ಲಿ. ಆ ಎರಡು ಪದ ಬಿಟ್ಟರೆ ವಾಕ್ಯವೇ ಸುಳ್ಳಾಗುತ್ತದೆ.

‘ಮಾದರಿ’ ಎಂದರೆ ಯಾರನ್ನೋ ನೋಡಿ ಹಾಗೇ ನುಡಿಸಿದರು ಎಂದಾಗುತ್ತದೆ. ಇಲ್ಲಿ ಆದದ್ದು ಅದಲ್ಲ. ಕ್ರಾಫ್ಟ್‌ವೆರ್ಕ್ ಎಂಬ ಜರ್ಮನ್ ತಂಡದ 1975ರ ಹಾಡು ‘ಉರಾನ್’ನ ಸಮೂಹಗಾನದ ಧ್ವನಿಯನ್ನೇ ಎಮ್ಯುಲೇಟರ್ ಯಂತ್ರಕ್ಕೆ ತುಂಬಿಕೊಂಡು ಕೀಲಿಮಣೆಯಿಂದ ನುಡಿಸಿದ್ದಾರೆ. ಹಾಗಾಗಿ ‘ಸ್ಯಾಂಪಲ್’.

ಇನ್ನು ನಾಲ್ಕನೆಯದು. ಇದಕ್ಕೆ ಪದ ಆರಿಸುವ ಮೊದಲು ಹಾಡು ಹೇಗೆ ಕಟ್ಟಿದ್ದೆಂದು ನೋಡಬೇಕು. ಡ್ರಮ್ ಒಬರ್‌ಹೈಮ್ ಡಿಎಂಎಕ್ಸ್ ಯಂತ್ರದ್ದು. ಬೇಸ್ ಮೂಗ್ ಸೋರ್ಸ್ ಎಂಬ ಸಿಂಥಸೈಜರ್‌ನದು. ಅದನ್ನು ನಡೆಸಿದ್ದು ಬಿಡಿಭಾಗಗಳ ಕಿಟ್ ತಂದು ತಂಡದ ಬರ್ನಾರ್ಡ್ ಸಮ್ನರ್ ಜೋಡಿಸಿದ ಪವರ್‌ಟ್ರಾನ್ ಸೀಕ್ವೆನ್ಸರ್, ಅಂದರೆ ತುಂಬಿಸಿಟ್ಟ ಸ್ವರಗಳನ್ನು ಸಾಲಾಗಿ ನುಡಿಸುವ ಯಂತ್ರ. ಡ್ರಮ್ ಯಂತ್ರಕ್ಕೂ ಸೀಕ್ವೆನ್ಸರ್‌ಗೂ ನೇರ ಕೊಂಡಿ ಇರಲಿಲ್ಲ, ನಡುವೆ ಬೇರೆಯೇ ಸರ್ಕ್ಯೂಟ್ ಮಾಡಿಸಬೇಕಾಯಿತು. ಸೀಕ್ವೆನ್ಸರ್‌ಗೆ ಸ್ವರಗಳನ್ನು ಒಂದೊಂದಾಗಿ ಕೈಯಿಂದ ಊಡಿಸಬೇಕು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಚತುರಶ್ರ ನಡೆ: ಅಕ್ಷರಕ್ಕೆ (ತಾಳದ ಒಂದು ಎಣಿಕೆಗೆ) ನಾಲ್ಕು ಮಾತ್ರೆ, ನಾಲ್ಕು ಅಕ್ಷರಕ್ಕೆ ಹದಿನಾರು. ಹಾಡು ಶುರುವಾಗುವ ಡ್ರಮ್ಮನ್ನೇ ಎಣಿಸಿ: ಅಕ್ಷರಕ್ಕೊಂದರಂತೆ ಎರಡು ಪೆಟ್ಟು, ಆಮೇಲೆ ಮಾತ್ರೆಗೊಂದರಂತೆ ಎಂಟು. ತಂಡದ ಗಿಲಿಯನ್ ಗಿಲ್ಬರ್ಟ್ ಇಡೀ ಹಾಡಿನ ಸ್ವರಗಳನ್ನು ಎ4 ಹಾಳೆಗಳಲ್ಲಿ ಬರೆದು ಉದ್ದಕ್ಕೆ ಅಂಟಿಸಿಕೊಂಡು ಯಂತ್ರಕ್ಕೆ ಹಾಕುವಾಗ ಒಂದು ಸ್ವರ ಬಿಟ್ಟುಹೋಯಿತು. ಅದರಿಂದ ಧಾಟಿ ಡ್ರಮ್ಮಿನಿಂದ ಜಾರಿ ಕೂತಿತು.

‘ಅನಾಗತ’ ಎಂದರೆ ತಾಳ ಶುರುವಾದ ಮೇಲೆ ಹಾಡು ಎತ್ತಿಕೊಳ್ಳುವುದು. ಅದು ರಚಿಸಿದವರು ಬೇಕೆಂದೇ ಇಟ್ಟ ಜಾಗ. ‘ತಾಳ ತಪ್ಪಿದೆ’ ಎಂದರೆ ನುಡಿಸಿದವರ ಲಯ ಕೆಟ್ಟಿತು ಎಂದರ್ಥ. ಇಲ್ಲಿ ಯಂತ್ರ ತನಗೆ ಕೊಟ್ಟದ್ದನ್ನು ಕರಾರುವಾಕ್ಕಾಗಿ ನುಡಿಸಿದೆ. ‘ಒಂದು ಸ್ವರ ಬಿಟ್ಟುಹೋದ್ದರಿಂದ ಧಾಟಿ ತಾಳದಿಂದ ಸರಿದಿದೆ’ ಎಂದು ಬರೆಯಿರಿ. ವಾಕ್ಯ ಉದ್ದವಾಗುತ್ತದೆ, ಆಗಲಿ. ಆ ಜಾರುವಿಕೆಯಿಂದಲೇ ಹಾಡಿಗೆ ಇಷ್ಟು ಎಳೆತ ಬಂದಿದೆ, ಅದನ್ನು ದೋಷವೆಂದು ಸೂಚಿಸುವ ಪದ ಹಾಡಿಗೆ ಅನ್ಯಾಯ.

ಉತ್ತರ 2: ಮೇಲಿನದಕ್ಕೆ ಒಪ್ಪಿಗೆ. ಲೇಖನದಲ್ಲಿ ಹೊದಿಕೆಯ ವಿಷಯ ಬಂದರೆ ‘ಮುಖಪುಟ’ ಎನ್ನಬೇಡಿ, ರೆಕಾರ್ಡಿನ ಕವರ್ ಅಂದರೆ ಸಾಕು. ವಿನ್ಯಾಸಕಾರ ಪೀಟರ್ ಸ್ಯಾವಿಲ್ ಅದನ್ನು ಫ್ಲಾಪಿ ಡಿಸ್ಕಿನ ಹಾಗೆ, ಕಾಗದದಲ್ಲಿ ಕಿಂಡಿಗಳನ್ನು ಕತ್ತರಿಸಿ ಮಾಡಿದರು. ಕವರಿನ ಖರ್ಚು ಏರಿದ್ದು ಆ ಕಿಂಡಿಗಳಿಂದ. ‘ಕಿಂಡಿ ಕತ್ತರಿಸಿದ ಕವರ್’ ಎಂದೇ ಬರೆದರೆ ಕಾರಣವೂ ಓದುಗರಿಗೆ ತಿಳಿಯುತ್ತದೆ. ಹಾಡಿನ ಹೆಸರು, ತಂಡದ ಹೆಸರು ಅಕ್ಷರದಲ್ಲಿಲ್ಲ, ಬಣ್ಣದ ಚೌಕಗಳಲ್ಲಿವೆ. ಇದಕ್ಕೆ ‘ಬಣ್ಣದ ಸಂಕೇತ’ ಹೊಂದುತ್ತದೆ. ಅದನ್ನು ಬಿಡಿಸುವ ಕೀಲಿ ಇದೇ ತಂಡದ ‘ಪವರ್, ಕರಪ್ಶನ್ ಆ್ಯಂಡ್ ಲೈಸ್’ ಆಲ್ಬಮ್ಮಿನ ಹಿಂಬದಿಯಲ್ಲಿದೆ.